ಗಡಸಲ್ಲದ ಲೋಹವನ್ನು ಗಡಸಾಗಿಸುವ ಟೂಲು

ಸ್ಟೇನ್‌ಲೆಸ್ ಸ್ಟೀಲನ್ನು ಲೇತಿನಲ್ಲೋ ಮಿಲ್ಲಿಂಗ್ ಯಂತ್ರದಲ್ಲೋ ಕತ್ತರಿಸುವ ವಿಷಯದಲ್ಲಿ ಒಂದು ನಂಬಿಕೆ ಎಷ್ಟು ಆಳವಾಗಿ ಬೇರೂರಿದೆಯೆಂದರೆ, ಅದನ್ನು ನಂಬಿಕೆ ಎಂದು ಯಾರೂ ಗುರುತಿಸುವುದೇ ಇಲ್ಲ, ಅನುಭವದಿಂದ ಬಂದ ಮಾತು ಎಂದೇ ಎಲ್ಲರೂ ಸ್ವೀಕರಿಸುತ್ತಾರೆ. ಸ್ಟೇನ್‌ಲೆಸ್ ಗಟ್ಟಿ ಲೋಹ, ಆದುದರಿಂದ ಅದಕ್ಕೆ ಇನ್ನೂ ಗಟ್ಟಿಯಾದ ಟೂಲು ಬೇಕು, ಅಲಗು ಮುರಿಯದಂತೆ ದಪ್ಪಗಿರಬೇಕು, ಸ್ಪೀಡು ಇಳಿಸಬೇಕು, ಫೀಡು, ಅಂದರೆ ಪ್ರತಿ ಸುತ್ತಿಗೆ ಅಲಗು ಮುಂದೆ ಸರಿಯುವ ದೂರ, ಕಡಿಮೆ ಮಾಡಬೇಕು, ಒಂದೊಂದು ಪಾಸಿನಲ್ಲಿ ಕೂದಲೆಳೆಯಷ್ಟು ಮಾತ್ರ ತೆಗೆಯಬೇಕು ಎಂಬುದು ಆ ನಂಬಿಕೆಯ ಸಾರ. ಇನ್ಸರ್ಟ್, ಅಂದರೆ ಟೂಲಿನ ತುದಿಗೆ ಕೂರಿಸುವ ಬದಲಾಯಿಸಬಲ್ಲ ಅಲಗು, ಬೇಗ ಹೋದರೆ ಅದಕ್ಕಿಂತ ದುಬಾರಿ ಗ್ರೇಡ್, ಅಂದರೆ ಬೇರೆ ಮಿಶ್ರಣ, ಲೇಪದ್ದನ್ನು, ತರಿಸುವುದು, ಅದೂ ಹೋದರೆ ಸ್ಪೀಡನ್ನು ಇನ್ನಷ್ಟು ಇಳಿಸುವುದು, ಕೊನೆಗೆ ಲೋಹವನ್ನೇ ದೂರುವುದು ಈ ನಂಬಿಕೆ ತೋರಿಸುವ ದಾರಿ. ಹೊಸದಾಗಿ ಲೇತ್ ಹಿಡಿದ ಹುಡುಗನಿಗೆ ಮೊದಲು ಸಿಗುವ ಬುದ್ಧಿವಾದವೂ ಇದೇ.

ಈ ನಂಬಿಕೆ ತಪ್ಪು. ಅದು ವಿವರಗಳಲ್ಲಿ ಮಾತ್ರವಲ್ಲ, ಬುಡದಲ್ಲೇ ತಪ್ಪು. ಹೆಚ್ಚಾಗಿ ಬಳಕೆಯಲ್ಲಿರುವ ಸ್ಟೇನ್‌ಲೆಸ್ ಸ್ಟೀಲು ಯಂತ್ರದ ಮೇಲೆ ಏರುವಾಗ ಗಡಸಾಗಿರುವುದಿಲ್ಲ. ಸರಿಯಾಗಿ ಕತ್ತರಿಸದೆ ಉಜ್ಜುವ ಟೂಲು ಅದನ್ನು ಗಡಸು ಮಾಡುತ್ತದೆ. ಟೂಲು ಕತ್ತರಿಸುತ್ತದೆಯೋ ಉಜ್ಜುತ್ತದೆಯೋ ಎಂಬುದನ್ನು ಮೊದಲು ನಿರ್ಧರಿಸುವುದು ಅದರ ಗ್ರೇಡ್ ಅಲ್ಲ, ಅದರ ಜ್ಯಾಮಿತಿ, ಅಂದರೆ ಅಲಗಿನ ಇಳಿಜಾರು, ಹಿಂಬದಿಯ ತೆರವು, ಅಂಚಿನ ಹರಿತ, ಮೂಗಿನ ದುಂಡು, ಕೆಲಸದ ತುಂಡಿಗೆ ಅಲಗು ಎದುರಾಗುವ ಕೋನ ಇವೆಲ್ಲ ಸೇರಿದ ಆಕಾರ. ನಿಧಾನ, ಹಗುರ, ದಪ್ಪ ಅಲಗು ಎಂಬ ಮೂರೂ ಸಲಹೆಗಳು ಉಜ್ಜುವಿಕೆಯನ್ನು ಹೆಚ್ಚಿಸುವಂಥವಾದುದರಿಂದ, ರೋಗಕ್ಕೆ ಮದ್ದೆಂದು ಕೊಡುತ್ತಿರುವುದೇ ರೋಗವನ್ನು ಬೆಳೆಸುತ್ತಿದೆ.

ಮೊದಲು ಗಡಸುತನದ ಮಾತು. ಪಾತ್ರೆಯಿಂದ ಹಿಡಿದು ಹಾಲಿನ ಡೇರಿಯ ಪೈಪು, ಔಷಧ ಕಾರ್ಖಾನೆಯ ವಾಲ್ವಿನವರೆಗೆ ಎಲ್ಲೆಡೆ ಕಾಣುವ 304 ದರ್ಜೆಯಲ್ಲಿ ಸುಮಾರು 18 ಶೇಕಡಾ ಕ್ರೋಮಿಯಂ, 8 ಶೇಕಡಾ ನಿಕಲ್ ಇರುತ್ತದೆ. ಕಾಯಿಸಿ ಮೃದುಗೊಳಿಸಿದ ಸ್ಥಿತಿಯಲ್ಲಿ ಅದರ ಹಾಳೆಗೆ ಎಎಸ್‌ಟಿಎಂ ಎ240 ಮಾನಕ ಇಟ್ಟಿರುವ ಗರಿಷ್ಠ ಗಡಸುತನ 201 ಬ್ರಿನೆಲ್, ಮಾಲಿಬ್ಡಿನಂ ಸೇರಿದ 316ಕ್ಕೆ 217. ಲೇತ್ ಅಂಗಡಿಯವರು ದಿನನಿತ್ಯ ಯಾವ ತಕರಾರೂ ಇಲ್ಲದೆ ತಿರುಗಿಸುವ ಇಎನ್ 8 ಉಕ್ಕಿನ ಗಡಸುತನವೂ ಇದೇ ಆಸುಪಾಸಿನದು. ಬಾಗಲು ಶುರುಮಾಡುವ ಬಲವನ್ನು ನೋಡಿದರೆ ವ್ಯತ್ಯಾಸ ತಿರುಗುಮುರುಗಾಗುತ್ತದೆ: ಕಟ್ಟಡದ ಕೋನ, ಚಾನೆಲ್‌ಗಳ ಸಾಧಾರಣ ಇ250 ಉಕ್ಕು 250 ಮೆಗಾಪಾಸ್ಕಲ್ ಒತ್ತಡದವರೆಗೆ ತಡೆದುಕೊಳ್ಳಬೇಕಾದರೆ, 304ರಿಂದ ನಿರೀಕ್ಷಿಸುವ ಕನಿಷ್ಠ ಬಲ 205 ಮಾತ್ರ. ಗಟ್ಟಿ ಎಂದು ಹೆಸರಾದ ಲೋಹ ಆರಂಭದಲ್ಲಿ ಸಾಮಾನ್ಯ ಕಬ್ಬಿಣಕ್ಕಿಂತ ಮೊದಲೇ ಬಗ್ಗಬಲ್ಲದು.

ಆದರೆ ಅದೇ 304 ಹರಿಯುವ ಹೊತ್ತಿಗೆ ಕನಿಷ್ಠ 515 ಮೆಗಾಪಾಸ್ಕಲ್ ಒತ್ತಡವನ್ನು ಹೊತ್ತಿರುತ್ತದೆ ಮತ್ತು ಹರಿಯುವ ಮುನ್ನ ತನ್ನ ಉದ್ದದ ಶೇಕಡಾ 40ರಷ್ಟಾದರೂ ಹಿಗ್ಗಿರುತ್ತದೆ. ಸಮಸ್ಯೆಯ ಮೂಲ ಇರುವುದು 205ಕ್ಕೂ 515ಕ್ಕೂ ನಡುವಿನ ಈ ಅಂತರದಲ್ಲಿ. ಒತ್ತಿದಷ್ಟೂ, ಹಿಗ್ಗಿಸಿದಷ್ಟೂ, ಮಡಚಿದಷ್ಟೂ ಈ ಲೋಹ ಗಡಸಾಗುತ್ತ ಹೋಗುತ್ತದೆ. ಯಂತ್ರಗಾರರು ಇದನ್ನು ವರ್ಕ್ ಹಾರ್ಡನಿಂಗ್ ಎನ್ನುತ್ತಾರೆ. ಮೃದುವಾದ 304 ಅಯಸ್ಕಾಂತಕ್ಕೆ ಅಂಟುವುದಿಲ್ಲ, ಆದರೆ ತಣ್ಣಗಿರುವಾಗಲೇ ಒತ್ತಿ ರೂಪಿಸಿದ ಸಿಂಕಿನ ಮೂಲೆಗೆ ಅಯಸ್ಕಾಂತ ಹಿಡಿದರೆ ಅಲ್ಲಿ ಸಣ್ಣ ಸೆಳೆತ ಕಾಣುತ್ತದೆ, ಏಕೆಂದರೆ ಆ ಮೂಲೆಯಲ್ಲಿ ಆಸ್ಟೆನೈಟ್ ಎಂಬ ಮೆತ್ತನೆಯ ಸ್ಫಟಿಕರಚನೆಯ ಒಂದು ಪಾಲು ಮಾರ್ಟೆನ್ಸೈಟ್ ಎಂಬ ಗಡಸು ರಚನೆಯಾಗಿ ಬದಲಾಗಿರುತ್ತದೆ. ಕತ್ತರಿಸುವ ಜಾಗದಲ್ಲಿ ಬಿಸಿ ಹೆಚ್ಚಿರುವುದರಿಂದ ಈ ಬದಲಾವಣೆ ಅಷ್ಟಾಗಿ ನಡೆಯದಿದ್ದರೂ, ಸ್ಫಟಿಕದೊಳಗೆ ದೋಷಗಳು ಒಂದರ ಮೇಲೊಂದು ಜಮೆಯಾಗಿ ಲೋಹ ಬಿಗಿಯಾಗುವುದು ನಿಲ್ಲುವುದಿಲ್ಲ. ನಿಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಹೆಚ್ಚಿಸಿದ, ಭಾರತದ ಮಾರುಕಟ್ಟೆಯಲ್ಲಿ ಅಗ್ಗವಾಗಿ ಸಿಗುವ 200 ಸರಣಿಯ ಎಷ್ಟೋ ದರ್ಜೆಗಳಲ್ಲಿ ಈ ಗುಣ 304ಕ್ಕಿಂತಲೂ ತೀವ್ರ.

ಇದಕ್ಕೆ ಶಾಖದ ಸಂಗತಿ ಜೊತೆಗೂಡುತ್ತದೆ. ಸಾಧಾರಣ ಕಾರ್ಬನ್ ಉಕ್ಕಿನ ಉಷ್ಣವಾಹಕತೆ ಮೀಟರು ಕೆಲ್ವಿನ್‌ಗೆ ಸುಮಾರು 50 ವಾಟ್ ಆದರೆ 304ರದು 16ರ ಹತ್ತಿರ. ಹುಟ್ಟಿದ ಬಿಸಿ ಕತ್ತರಿಸಿ ಬರುವ ಚೂರಿನ, ಅಂದರೆ ಚಿಪ್ಪಿನ, ಮತ್ತು ತುಂಡಿನ ಒಳಕ್ಕೆ ಹರಡಿಹೋಗದೆ ಅಲಗಿನ ತುದಿಯ ಬಳಿಯೇ ಕೂಡಿಕೊಳ್ಳುತ್ತದೆ. ಹೀಗಾಗಿ ಸ್ಟೇನ್‌ಲೆಸ್ಸಿನಲ್ಲಿ ಅನಾವಶ್ಯಕವಾಗಿ ಮಾಡುವ ಪ್ರತಿಯೊಂದು ವಿರೂಪಕ್ಕೂ ಎರಡು ಬಾರಿ ದಂಡ ತೆರಬೇಕಾಗುತ್ತದೆ, ಒಮ್ಮೆ ಗಡಸುತನವಾಗಿ, ಇನ್ನೊಮ್ಮೆ ತುದಿಯ ಬಿಸಿಯಾಗಿ. ಈ ಲೋಹವನ್ನು ಕತ್ತರಿಸುವ ಟೂಲು ಅದನ್ನು ಆದಷ್ಟು ಕಡಿಮೆ ಹಿಂಡಬೇಕು ಎಂಬುದು ಇದರಿಂದ ನೇರವಾಗಿ ಹೊರಡುವ ತೀರ್ಮಾನ, ಮತ್ತು ಎಷ್ಟು ಹಿಂಡುತ್ತದೆ ಎಂಬುದು ಆಕಾರದ ಪ್ರಶ್ನೆ.

ಕಡಿಮೆ ಫೀಡ್ ಮತ್ತು ಹಗುರ ಕಟ್ ಎಂಬ ಸಲಹೆಯನ್ನು ಇಲ್ಲಿ ಹತ್ತಿರದಿಂದ ಪರೀಕ್ಷಿಸಬೇಕು, ಏಕೆಂದರೆ ಅತಿ ಹೆಚ್ಚು ನಷ್ಟ ಮಾಡುತ್ತಿರುವುದು ಇದೇ. ಯಾವ ಅಲಗೂ ಗಣಿತದ ಗೆರೆಯಂತೆ ಚೂಪಾಗಿರುವುದಿಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದರ ಅಂಚು ದುಂಡಗಿರುತ್ತದೆ. ಉಕ್ಕಿಗೆಂದು ತಯಾರಾಗಿ ದಪ್ಪ ಲೇಪ ಹೊತ್ತ ಕಾರ್ಬೈಡ್ ಇನ್ಸರ್ಟಿನಲ್ಲಿ ಬೇಕೆಂದೇ ಕೊಟ್ಟ ಈ ದುಂಡಿನ ತ್ರಿಜ್ಯ 40ರಿಂದ 50 ಮೈಕ್ರಾನ್, ಅಂದರೆ 0.04ರಿಂದ 0.05 ಮಿಲಿಮೀಟರಿನಷ್ಟು ಇರಬಹುದು. ಅಲಗು ತೆಗೆಯಬೇಕಾದ ಪದರ ಈ ದುಂಡಿಗೆ ಹೋಲಿಸಿದರೆ ತೀರ ತೆಳ್ಳಗಿದ್ದಾಗ, ಸ್ಥೂಲವಾಗಿ ತ್ರಿಜ್ಯದ ಕಾಲುಭಾಗದಿಂದ ಮೂರನೇ ಒಂದು ಭಾಗಕ್ಕಿಂತ ಕಡಿಮೆಯಾದಾಗ, ಚಿಪ್ ಏಳುವುದೇ ಇಲ್ಲ. ಲೋಹ ಅಂಚಿನ ಕೆಳಗೆ ಸಿಕ್ಕಿ ಒತ್ತಿಹೋಗುತ್ತದೆ. ಮೊಂಡು ಈಳಿಗೆಯ ಕೆಳಗೆ ಹಣ್ಣಾದ ಟೊಮೆಟೊ ಹೋಳಾಗದೆ ಜಜ್ಜಿಹೋಗುವ ಹಾಗೆ.

ಈಗ ಯಾವ ಅಂಗಡಿಯಲ್ಲೂ ಸಿಗುವ ಸಿಎನ್‌ಎಂಜಿ 120408 ಇನ್ಸರ್ಟನ್ನು ತೆಗೆದುಕೊಳ್ಳಬಹುದು. ಇದು 80 ಡಿಗ್ರಿ ಮೂಲೆಯ ವಜ್ರಾಕಾರದ್ದು. ಹೆಸರಿನ ಕೊನೆಯ 08 ಎಂಬುದು ಮೂಗಿನ ತ್ರಿಜ್ಯ 0.8 ಮಿಲಿಮೀಟರ್ ಎಂದು ಹೇಳುತ್ತದೆ. ಎಚ್ಚರಿಕೆಯ ಸಲಹೆಯಂತೆ ಆಪರೇಟರು ಫಿನಿಶಿಂಗ್ ಪಾಸಿಗೆ 0.1 ಮಿಲಿಮೀಟರ್ ಆಳ, ಪ್ರತಿ ಸುತ್ತಿಗೆ 0.1 ಮಿಲಿಮೀಟರ್ ಫೀಡ್ ಇಟ್ಟನೆಂದುಕೊಂಡರೆ, ಆಳವು ಮೂಗಿನ ತ್ರಿಜ್ಯಕ್ಕಿಂತ ಬಹಳ ಕಡಿಮೆಯಾದುದರಿಂದ ಕತ್ತರಿಸುವ ಕೆಲಸವೆಲ್ಲ ಮೂಗಿನ ಬಾಗಿನಲ್ಲೇ ನಡೆಯುತ್ತದೆ. ಕೋನದ ಲೆಕ್ಕ ಮಾಡಿದರೆ ಚಿಪ್ಪಿನ ಅತಿ ದಪ್ಪನೆಯ ಭಾಗವೇ ಸುಮಾರು 0.048 ಮಿಲಿಮೀಟರ್, ಸರಾಸರಿ ಅದರ ಅರ್ಧ, ಬಾಗಿನ ಇನ್ನೊಂದು ತುದಿಯಲ್ಲಿ ಸೊನ್ನೆ. 50 ಮೈಕ್ರಾನ್ ದುಂಡಿನ ಅಲಗಿಗೆ ಸರಾಸರಿ 24 ಮೈಕ್ರಾನ್ ಪದರ ಕೊಟ್ಟಂತಾಯಿತು. ಕತ್ತರಿಸುವ ಅಂಚಿನ ಗಣನೀಯ ಪಾಲು ಇಲ್ಲಿ ಕತ್ತರಿಸುತ್ತಿಲ್ಲ, ತಿಕ್ಕುತ್ತಿದೆ. ತಿಕ್ಕಿದ ಮೇಲ್ಮೈ ಗಡಸಾಗುತ್ತದೆ, ಆ ಗಡಸು ಪದರ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸಿಗೂ ಇಳಿಯಬಲ್ಲದು, ಮುಂದಿನ ಸುತ್ತಿನಲ್ಲಿ 0.1 ಮಿಲಿಮೀಟರ್ ಮುಂದೆ ಸರಿದ ಅಲಗು ಪೂರ್ತಿಯಾಗಿ ಅದೇ ಗಡಸು ಪದರದೊಳಗೆ ಓಡಾಡುತ್ತದೆ. ಇಷ್ಟಾದ ಮೇಲೆ ಅಲಗು ಸವೆಯುತ್ತದೆ, ಸವೆದ ಅಲಗು ಇನ್ನೂ ಹೆಚ್ಚು ತಿಕ್ಕುತ್ತದೆ, ಆಪರೇಟರು ಲೋಹ ಗಟ್ಟಿಯೆಂದು ತೀರ್ಮಾನಿಸಿ ಫೀಡನ್ನು 0.05ಕ್ಕೆ ಇಳಿಸುತ್ತಾನೆ.

ಅದೇ ಆಪರೇಟರಿಗೆ 0.4 ಮಿಲಿಮೀಟರ್ ಮೂಗಿನ, ತೆಳು ಲೇಪದ, ಹರಿತ ಅಂಚಿನ ಇನ್ಸರ್ಟ್ ಕೊಟ್ಟು, ಆಳ 0.3, ಫೀಡ್ 0.15 ಇಡಿಸಿದರೆ ಚಿಪ್ಪಿನ ಅತಿ ದಪ್ಪನೆಯ ಭಾಗ 0.145 ಮಿಲಿಮೀಟರಿಗೆ ಏರುತ್ತದೆ. ಅಲಗು ಗಡಸು ಪದರದ ಕೆಳಗಿನ ಮೆತ್ತನೆಯ ಲೋಹವನ್ನು ಹಿಡಿಯುತ್ತದೆ. ಯಂತ್ರ ಅದೇ, ಲೋಹ ಅದೇ, ಕೂಲೆಂಟ್ ಅದೇ.

ಫೀಡ್ ಇಳಿಸಬೇಕೆನ್ನುವವರು ತಮ್ಮ ಪಕ್ಷಕ್ಕೆ ಪಠ್ಯಪುಸ್ತಕದ ಸೂತ್ರವೊಂದನ್ನು ಮುಂದಿಡುತ್ತಾರೆ: ಮೇಲ್ಮೈಯ ಏರುತಗ್ಗು ಫೀಡಿನ ವರ್ಗವನ್ನು ಮೂಗಿನ ತ್ರಿಜ್ಯದ ಎಂಟುಪಟ್ಟಿನಿಂದ ಭಾಗಿಸಿದಷ್ಟು. ಇದರಂತೆ 0.8 ತ್ರಿಜ್ಯಕ್ಕೆ 0.2 ಫೀಡ್ ಇಟ್ಟರೆ ಏರುತಗ್ಗು ಸುಮಾರು 6 ಮೈಕ್ರಾನ್, 0.05 ಇಟ್ಟರೆ ಅರ್ಧ ಮೈಕ್ರಾನಿಗೂ ಕಡಿಮೆ. ಲೆಕ್ಕದಲ್ಲಿ ದೋಷವಿಲ್ಲ. ಆದರೆ ಸೂತ್ರ ಹುಟ್ಟಿರುವುದು ಅಲಗು ಪರಿಪೂರ್ಣ ಚೂಪಾಗಿದೆ, ಲೋಹ ಅದಕ್ಕೆ ಅಂಟುವುದಿಲ್ಲ, ಒತ್ತಿದ ಲೋಹ ಪುಟಿದೇಳುವುದಿಲ್ಲ ಎಂಬ ಊಹೆಗಳ ಮೇಲೆ. ಸ್ಟೇನ್‌ಲೆಸ್ಸಿನಲ್ಲಿ ಈ ಮೂರು ಊಹೆಗಳೂ ಸುಳ್ಳಾಗುತ್ತವೆ. ಅತಿ ಕಡಿಮೆ ಫೀಡಿನಲ್ಲಿ ಹರಿದ, ಮಸುಕಾದ, ಅಲ್ಲಲ್ಲಿ ಲೋಹದ ಕಣ ಮೆತ್ತಿಕೊಂಡ ಮೇಲ್ಮೈ ಬರುವುದನ್ನು ಕಣ್ಣಾರೆ ಕಂಡವರೂ ಸೂತ್ರವನ್ನು ಬಿಡದೆ ಫೀಡನ್ನು ಮತ್ತೆ ಇಳಿಸುವುದು ದುಃಖದ ಸಂಗತಿ.

ರೇಕ್ ಕೋನದ ವಿಷಯಕ್ಕೆ ಬಂದರೆ ಗೊಂದಲ ಇನ್ನೂ ದಟ್ಟವಾಗಿದೆ. ಚಿಪ್ ಹತ್ತಿ ಜಾರಿಹೋಗುವ ಟೂಲಿನ ಮುಖ ಎಷ್ಟು ಓರೆಯಾಗಿದೆ ಎಂಬುದೇ ರೇಕ್ ಕೋನ. ಮುಖ ಅಂಚಿನಿಂದ ಹಿಂದಕ್ಕೆ ಇಳಿದಿದ್ದರೆ ಅದು ಪಾಸಿಟಿವ್, ಅಲಗು ಲೋಹದೊಳಕ್ಕೆ ನುಗ್ಗುತ್ತದೆ. ಮುಖ ಮುಂದಕ್ಕೆ ಬಾಗಿದ್ದರೆ ನೆಗೆಟಿವ್, ಅಲಗು ಲೋಹವನ್ನು ತಳ್ಳುತ್ತದೆ. ಗಟ್ಟಿ ಲೋಹಕ್ಕೆ ನೆಗೆಟಿವ್ ರೇಕ್, ಮೆತ್ತನೆಯದಕ್ಕೆ ಪಾಸಿಟಿವ್ ಎಂದು ಡಿಪ್ಲೊಮಾ ಟಿಪ್ಪಣಿಗಳು ಕಲಿಸುತ್ತವೆ, ಸ್ಟೇನ್‌ಲೆಸ್ ಗಟ್ಟಿ ಎಂದು ಮೊದಲೇ ಒಪ್ಪಿಕೊಂಡ ವಿದ್ಯಾರ್ಥಿ ಅದಕ್ಕೆ ನೆಗೆಟಿವ್ ರೇಕನ್ನು ಆರಿಸುತ್ತಾನೆ. ಒಂದು ತಪ್ಪು ಪ್ರಮೇಯದಿಂದ ಸರಿಯಾದ ನಿಯಮದ ಮೂಲಕ ತಪ್ಪು ಉತ್ತರ ಬರುವುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಸಿಗದು.

ರೇಕ್ ಬದಲಾದರೆ ಏನಾಗುತ್ತದೆ ಎಂಬುದನ್ನು ಅಮೆರಿಕದ ಯೂಜೀನ್ ಮರ್ಚೆಂಟ್ 1945ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಿಂದ ಅಂದಾಜು ಮಾಡಬಹುದು. ಅಲಗಿನ ಮುಂದೆ ಲೋಹ ಓರೆಯಾದ ಒಂದು ತೆಳು ಪಟ್ಟಿಯಲ್ಲಿ ಪದರಪದರವಾಗಿ ಜಾರಿ ಚಿಪ್ಪಾಗುತ್ತದೆ. ಈ ಪಟ್ಟಿಗೆ ಶಿಯರ್ ಸಮತಲ ಎಂದು ಹೆಸರು. ಘರ್ಷಣೆಯ ಕೋನ 40 ಡಿಗ್ರಿ ಎಂದಿಟ್ಟುಕೊಂಡು ಮರ್ಚೆಂಟ್ ಸಮೀಕರಣ ಬಳಸಿದರೆ, ರೇಕ್ ಮೈನಸ್ 6 ಡಿಗ್ರಿ ಇದ್ದಾಗ ಶಿಯರ್ ಕೋನ 22 ಡಿಗ್ರಿ, ಲೋಹ ಅನುಭವಿಸುವ ಜಾರು ವಿರೂಪ ಸುಮಾರು 3.0; ರೇಕನ್ನು ಪ್ಲಸ್ 15ಕ್ಕೆ ತಂದರೆ ಶಿಯರ್ ಕೋನ 32.5 ಡಿಗ್ರಿಗೆ ಏರಿ ವಿರೂಪ 1.9ಕ್ಕೆ ಇಳಿಯುತ್ತದೆ. ಸಮೀಕರಣ ಸರಳೀಕರಿಸಿದ್ದು, ಲೋಹ ಗಡಸಾಗುತ್ತ ಹೋಗುವುದನ್ನು ಅದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಆ ಕೊರತೆ ಇಲ್ಲಿನ ವಾದವನ್ನು ದುರ್ಬಲಗೊಳಿಸುವುದಿಲ್ಲ, ಬಲಪಡಿಸುತ್ತದೆ, ಏಕೆಂದರೆ ಹೆಚ್ಚು ವಿರೂಪಗೊಂಡಷ್ಟೂ ಹೆಚ್ಚು ಗಡಸಾಗುವ ಲೋಹದಲ್ಲಿ ಮೂರನೇ ಒಂದು ಭಾಗಕ್ಕೂ ಮಿಕ್ಕ ವಿರೂಪ ಉಳಿತಾಯವಾಯಿತೆಂದರೆ ಬಲದಲ್ಲೂ ಬಿಸಿಯಲ್ಲೂ ಆಗುವ ಉಳಿತಾಯ ಅದಕ್ಕಿಂತ ಹೆಚ್ಚಿನದು.

ಇದನ್ನು ಪ್ರಯೋಗಶಾಲೆಗೆ ಹೋಗದೆಯೇ ಪರೀಕ್ಷಿಸಬಹುದು. ಆಳವನ್ನು ಮೂಗಿನ ತ್ರಿಜ್ಯಕ್ಕಿಂತ ಸಾಕಷ್ಟು ಹೆಚ್ಚಿಟ್ಟು, 0.2 ಮಿಲಿಮೀಟರ್ ಫೀಡಿನಲ್ಲಿ ಬಂದ ಚಿಪ್ಪಿನ ದಪ್ಪವನ್ನು ಮೈಕ್ರೋಮೀಟರಿನಲ್ಲಿ ಅಳೆದರೆ ಸಾಕು. ಮೇಲಿನ ಲೆಕ್ಕದ ನೆಗೆಟಿವ್ ರೇಕಿನಲ್ಲಿ ಅದು 0.47ರ ಹತ್ತಿರ ಬರಬೇಕು, ಪಾಸಿಟಿವ್ ರೇಕಿನಲ್ಲಿ 0.35ರ ಹತ್ತಿರ. ದಪ್ಪ ಚಿಪ್ ಎಂದರೆ ಲೋಹ ಹೆಚ್ಚು ಹಿಂಡಿಸಿಕೊಂಡು ಬಂದಿದೆ ಎಂದರ್ಥ. ನಿಜವಾದ ಅಂಕಿಗಳು ಇವಕ್ಕಿಂತ ಆಚೀಚೆ ಇರುತ್ತವೆ. ಎರಡು ಇನ್ಸರ್ಟ್‌ಗಳ ನಡುವಿನ ವ್ಯತ್ಯಾಸ ಮಾತ್ರ ಸುಳ್ಳು ಹೇಳುವುದಿಲ್ಲ. ಸ್ಕ್ರ್ಯಾಪ್ ಡಬ್ಬಕ್ಕೆ ಹೋಗುವ ಚಿಪ್ಪಿನ ಮೇಲೆ ಟೂಲಿನ ನಡತೆ ಇಷ್ಟು ಸ್ಪಷ್ಟವಾಗಿ ಬರೆದಿರುವಾಗ ಅದನ್ನು ಓದುವ ಅಭ್ಯಾಸ ನಮ್ಮ ತರಬೇತಿಯಲ್ಲಿ ಇಲ್ಲದಿರುವುದು ದೊಡ್ಡ ಲೋಪ.

ನೆಗೆಟಿವ್ ಇನ್ಸರ್ಟ್ ಎಂಬ ಮಾತೂ ಒಂದು ಬಲೆ. ಸಿಎನ್‌ಎಂಜಿ ಜಾತಿಯ ಇನ್ಸರ್ಟಿಗೆ ತನ್ನದೇ ಹಿಂಬದಿಯ ತೆರವು ಇಲ್ಲದಿರುವುದರಿಂದ ಅದನ್ನು ಹೋಲ್ಡರಿನಲ್ಲಿ ಸುಮಾರು 6 ಡಿಗ್ರಿ ಮುಂದಕ್ಕೆ ಬಾಗಿಸಿ ಕೂರಿಸುತ್ತಾರೆ, ಅಷ್ಟರಿಂದಲೇ ಅದು ನೆಗೆಟಿವ್ ಎನಿಸಿಕೊಳ್ಳುತ್ತದೆ. ಆದರೆ ಅದರ ಮುಖದ ಮೇಲೆ ಅಚ್ಚಿನಲ್ಲೇ ಒತ್ತಿದ ಚಿಪ್ ಬ್ರೇಕರ್ ತೋಡು 15ರಿಂದ 20 ಡಿಗ್ರಿ ಇಳಿಜಾರಾಗಿದ್ದರೆ, ಕೂರಿಸಿದ 6 ಡಿಗ್ರಿ ಕಳೆದ ಮೇಲೂ ಲೋಹಕ್ಕೆ ಎದುರಾಗುವ ರೇಕ್ 9ರಿಂದ 14 ಡಿಗ್ರಿ ಪಾಸಿಟಿವ್. ಸ್ಟೇನ್‌ಲೆಸ್ಸಿಗೆಂದು ರೂಪಿಸಿದ ಇನ್ಸರ್ಟ್‌ಗಳು ಇಂಥ ತೋಡನ್ನೂ ಕಿರಿದಾದ ಅಂಚುಪಟ್ಟಿಯನ್ನೂ ಹೊತ್ತಿರುತ್ತವೆ. ಉಕ್ಕಿನ ಒರಟು ಕೆಲಸಕ್ಕೆ ರೂಪಿಸಿದವುಗಳಲ್ಲಿ ಅಂಚುಪಟ್ಟಿ ಅಗಲ, ಸಪಾಟು. ಹೊರಗಿನ ಆಕಾರ, ಅಳತೆ, ಹೋಲ್ಡರ್ ಎಲ್ಲವೂ ಒಂದೇ. ವ್ಯತ್ಯಾಸವಿರುವುದು ಹೆಸರಿನ ತುದಿಯಲ್ಲಿ ಅಡ್ಡಗೆರೆಯ ಆಚೆ ಬರುವ ಎರಡು ಮೂರು ಅಕ್ಷರಗಳಲ್ಲಿ, ಆರ್ಡರ್ ಬರೆಯುವಾಗ ಬಿಟ್ಟುಹೋಗುವುದೂ ಅವೇ ಅಕ್ಷರಗಳು.

ಎದುರು ಪಕ್ಷದ ಅತ್ಯಂತ ಬಲವಾದ ವಾದವನ್ನು ಅದರ ಪೂರ್ಣ ಬಲದಲ್ಲೇ ಎದುರಿಸಬೇಕು. ಕಾರ್ಬೈಡ್ ಭಂಗುರ, ಪಾಸಿಟಿವ್ ಮತ್ತು ಹರಿತ ಎಂದರೆ ತೆಳುವಾದ ಅಲಗು, ತೆಳು ಅಲಗು ಉದುರುತ್ತದೆ, ಉದುರಿದ ಅಲಗು ಸವೆದ ಅಲಗಿಗಿಂತ ಕೇಡು ಎಂಬುದು ಆ ವಾದ. ಇದರಲ್ಲಿ ಸತ್ಯಾಂಶವಿದೆ. ಫೋರ್ಜಿಂಗಿನ ಒರಟು ಚರ್ಮ, ಬಿಟ್ಟುಬಿಟ್ಟು ತಾಗುವ ಕಟ್, ಅಲುಗಾಡುವ ಹಳೆಯ ಯಂತ್ರ ಇದ್ದಲ್ಲಿ ಅಂಚಿಗೆ ಸ್ವಲ್ಪ ರಕ್ಷಣೆ ಬೇಕೇ ಬೇಕು. ಚಾಕು, ಶಸ್ತ್ರಕ್ರಿಯೆಯ ಉಪಕರಣಗಳಿಗೆ ಬಳಸುವ 420ರಂಥ ಮಾರ್ಟೆನ್ಸಿಟಿಕ್ ದರ್ಜೆಯನ್ನು ಗಡಸುಗೊಳಿಸಿದ ಮೇಲೆ ಕತ್ತರಿಸಬೇಕಾದರೆ ಅದು ನಿಜಕ್ಕೂ ಗಟ್ಟಿ ಲೋಹವೇ, ಅಲ್ಲಿ ದಪ್ಪ ಅಲಗಿನ ನಿಯಮ ಸಲ್ಲುತ್ತದೆ. ಸ್ಟೇನ್‌ಲೆಸ್ ಎಂಬುದು ಒಂದು ಲೋಹದ ಹೆಸರಲ್ಲ, ಒಂದು ಕುಲದ ಹೆಸರು. ಆಸ್ಟೆನಿಟಿಕ್ ಬಳಗಕ್ಕೆ ಹೇಳಿದ್ದನ್ನು ಇಡೀ ಕುಲಕ್ಕೆ ಅನ್ವಯಿಸಲಾಗದು. ಆದರೆ 304, 316ಗಳ ದೈನಂದಿನ ಕೆಲಸದಲ್ಲಿ ಅಲಗು ಉದುರುವುದಕ್ಕೆ ತೆಳುತನವೊಂದೇ ಕಾರಣ ಎನ್ನುವುದು ಅವಸರದ ತೀರ್ಪು. ಈ ಲೋಹ ಅಲಗಿಗೆ ಅಂಟಿಕೊಂಡು ಗುಪ್ಪೆಯಾಗುತ್ತದೆ, ಬಿಲ್ಟ್ ಅಪ್ ಎಡ್ಜ್ ಎನ್ನುವ ಆ ಗುಪ್ಪೆ ಆಗಾಗ ಕಿತ್ತುಬರುವಾಗ ಲೇಪವನ್ನೂ ಕಾರ್ಬೈಡಿನ ಕಣಗಳನ್ನೂ ಕಿತ್ತುಕೊಂಡು ಹೋಗುತ್ತದೆ. ಹೀಗೆ ಉದುರಿದ ಅಂಚಿಗೆ ಇನ್ನಷ್ಟು ದಪ್ಪ ಅಲಗಿನಿಂದ ಪರಿಹಾರ ಹುಡುಕಿದರೆ ಒತ್ತಡವೂ ಅಂಟುವಿಕೆಯೂ ಹೆಚ್ಚುತ್ತವೆ.

ಸ್ಪೀಡ್ ಇಳಿಸುವ ಸಲಹೆ ಮಣ್ಣುಪಾಲಾಗುವುದು ಈ ಗುಪ್ಪೆಯ ವಿಷಯದಲ್ಲೇ. ವೇಗ ಹೆಚ್ಚಿದಷ್ಟೂ ಟೂಲಿನ ಆಯುಸ್ಸು ಕಡಿಮೆ ಎಂಬ ನಿಯಮವನ್ನು ಫ್ರೆಡರಿಕ್ ಟೇಲರ್ ಸುಮಾರು 26 ವರ್ಷಗಳ ಪ್ರಯೋಗಗಳ ಬಳಿಕ 1906ರಲ್ಲಿ ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘದ ಮುಂದಿಟ್ಟರು. ಜರ್ಮನಿಯ ಎಸ್ಸೆನ್‌ನಲ್ಲಿ ಕ್ರುಪ್ ಕಾರ್ಖಾನೆ ಆಸ್ಟೆನಿಟಿಕ್ ಉಕ್ಕಿಗೆ ಪೇಟೆಂಟ್ ಪಡೆಯಲು ಮುಂದಾದದ್ದು 1912ರಲ್ಲಿ, ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ ತುಕ್ಕುಹಿಡಿಯದ ಕ್ರೋಮಿಯಂ ಉಕ್ಕನ್ನು ಕರಗಿಸಿದ್ದು 1913ರಲ್ಲಿ. ಟೇಲರ್ ಕತ್ತರಿಸಿದ ಲೋಹಗಳಲ್ಲಿ ಸ್ಟೇನ್‌ಲೆಸ್ ಇರಲು ಸಾಧ್ಯವೇ ಇರಲಿಲ್ಲ. ಆ ನಿಯಮ ಒಂದು ವ್ಯಾಪ್ತಿಯೊಳಗೆ ಸ್ಟೇನ್‌ಲೆಸ್ಸಿಗೂ ಹೊಂದುತ್ತದೆ, ಆದರೆ ಅದರ ಕೆಳಗಿನ ಮಿತಿಯನ್ನು ಮರೆತುಬಿಡಲಾಗಿದೆ. ಲೇಪವಿರುವ ಕಾರ್ಬೈಡಿನಿಂದ 304ನ್ನು ನಿಮಿಷಕ್ಕೆ 120ರಿಂದ 180 ಮೀಟರ್ ವೇಗದಲ್ಲಿ ಸುಲಭವಾಗಿ ತಿರುಗಿಸಬಹುದಾದಾಗ, ಭಯದಿಂದ 40 ಮೀಟರಿಗೆ ಇಳಿಸಿದರೆ ಗುಪ್ಪೆ ಬೆಳೆಯಲು ಅತ್ಯಂತ ಅನುಕೂಲವಾದ ಉಷ್ಣತೆಗೆ ಅಲಗನ್ನು ತಂದು ನಿಲ್ಲಿಸಿದಂತಾಗುತ್ತದೆ. ಟೇಲರ್ ತಮ್ಮ ಪ್ರಬಂಧದಲ್ಲಿ ಟೂಲಿನ ಆಕಾರವನ್ನೂ ವೇಗದಷ್ಟೇ ಗಂಭೀರವಾಗಿ ಪರಿಗಣಿಸಿದ್ದರು ಎಂಬುದನ್ನೂ ಅವರ ಹೆಸರಿನಲ್ಲಿ ಸ್ಪೀಡ್ ಇಳಿಸುವವರು ನೆನೆಯುವುದಿಲ್ಲ.

ಅಲಗು ತುಂಡಿಗೆ ಎದುರಾಗುವ ಕೋನದ ಬಗ್ಗೆ ಎರಡು ಮಾತು ಸಾಕು. ಹಿಂದಿನ ಪಾಸಿನಲ್ಲಿ ಗಡಸಾದ ಮೇಲ್ಮೈ ಅಲಗನ್ನು ಒಂದೇ ಗೆರೆಯಲ್ಲಿ ಕೊರೆದು ಮಾಡುವ ಕಚ್ಚು, ಅಂದರೆ ನಾಚ್ ಸವೆತ, ಸ್ಟೇನ್‌ಲೆಸ್ಸಿನಲ್ಲಿ ಇನ್ಸರ್ಟ್ ಸಾಯುವ ಸಾಮಾನ್ಯ ರೀತಿ. 95 ಡಿಗ್ರಿ ಹೋಲ್ಡರಿನಲ್ಲಿ ಆ ಗೆರೆ ಒಂದೇ ಬಿಂದುವಿನಲ್ಲಿ ಕೂಡಿಕೊಳ್ಳುತ್ತದೆ. 45 ಡಿಗ್ರಿಯಲ್ಲಿ ಅದೇ ಸವೆತ ಉದ್ದನೆಯ ಅಂಚಿನ ಮೇಲೆ ಹರಡುತ್ತದೆ, 0.2 ಫೀಡಿನ ಚಿಪ್ 0.14ಕ್ಕೆ ತೆಳುವಾಗುವುದರಿಂದ ಫೀಡನ್ನು ಏರಿಸಲೂಬಹುದು. ಗ್ರೇಡ್ ಬದಲಿಸಿ ನಾಚನ್ನು ಓಡಿಸಲು ಹೊರಟವರು ಹೋಲ್ಡರಿನ ಕಡೆ ಕಣ್ಣೆತ್ತಿಯೂ ನೋಡಿರುವುದಿಲ್ಲ.

ಡ್ರಿಲ್ಲಿನಲ್ಲಿ ಈ ಎಲ್ಲ ದೋಷಗಳೂ ಒಟ್ಟಿಗೆ ಕಾಣುತ್ತವೆ. ಸಾಮಾನ್ಯ ಡ್ರಿಲ್ಲಿನ ಮೂತಿ 118 ಡಿಗ್ರಿ, ಅದರ ನಡುವೆ ಉಳಿಯ ಆಕಾರದ ಅಡ್ಡ ಅಂಚು ಇರುತ್ತದೆ. ಅಲ್ಲಿ ರೇಕ್ ಬಹಳ ನೆಗೆಟಿವ್, ನಟ್ಟನಡುವೆ ವೇಗ ಸೊನ್ನೆ. ಆ ಭಾಗ ಕೊರೆಯುವುದಿಲ್ಲ, ಒತ್ತುತ್ತದೆ. ಕೈ ಡ್ರಿಲ್ಲಿನಿಂದ 304 ಹಾಳೆಗೆ ತೂತು ಹಾಕುವಾಗ ಕೆಲವೇ ಕ್ಷಣ ಒತ್ತಡ ಸಡಿಲಿಸಿದರೂ ತೂತಿನ ತಳ ಹೊಳಪೇರಿ ಗಾಜಿನಂತಾಗಿ, ಆಮೇಲೆ ಡ್ರಿಲ್ ಸುತ್ತುತ್ತದೆಯೇ ಹೊರತು ಇಳಿಯುವುದಿಲ್ಲ ಎಂಬುದು ಗೇಟು, ಗ್ರಿಲ್ ಕೆಲಸದವರೆಲ್ಲರಿಗೂ ಗೊತ್ತು. ಇದಕ್ಕೆ ಸಿಗುವ ಸಲಹೆ ಕೋಬಾಲ್ಟ್ ಡ್ರಿಲ್ ತರುವುದು. 5 ಶೇಕಡಾ ಕೋಬಾಲ್ಟಿನ ಎಂ35 ಹೈಸ್ಪೀಡ್ ಸ್ಟೀಲು ಬಿಸಿಯನ್ನು ಹೆಚ್ಚು ತಾಳುತ್ತದೆ, ನಿಜ. ಆದರೆ ಅದು ಕೆಲಸ ಮಾಡಲು ಮುಖ್ಯ ಕಾರಣವನ್ನು ಎಷ್ಟೋ ಸಲ ಯಾರೂ ಗಮನಿಸುವುದಿಲ್ಲ. ಅಂಥ ಡ್ರಿಲ್ಲುಗಳು ಸಾಮಾನ್ಯವಾಗಿ 135 ಡಿಗ್ರಿ ಮೂತಿಯವು, ನಡುವಿನ ಅಡ್ಡ ಅಂಚನ್ನು ಸೀಳಿ ಅಲ್ಲೂ ಕತ್ತರಿಸುವ ಅಲಗು ಮೂಡಿಸಿದವು. ಗುಣ ಆಕಾರದ್ದು, ಹೆಸರು ಕೋಬಾಲ್ಟಿಗೆ. ಅದೇ ಡ್ರಿಲ್ ಮೊಂಡಾದಾಗ ಬೆಂಚ್ ಗ್ರೈಂಡರಿನಲ್ಲಿ ಮತ್ತೆ 118 ಡಿಗ್ರಿಗೆ ಮಸೆದು, ಸೀಳನ್ನು ಅಳಿಸಿ, ಕೋಬಾಲ್ಟ್ ಮೊದಲಿನಂತಿಲ್ಲ ಎಂದು ಗೊಣಗುವುದು ಇದರ ಫಲ.

ಗ್ರೇಡಿನ ಪಕ್ಷದವರು ಇನ್ನೊಂದು ಮಾತು ಮರೆಯುತ್ತಾರೆ: ಗ್ರೇಡೂ ಕೊನೆಗೆ ಆಕಾರವನ್ನೇ ಬದಲಿಸುತ್ತದೆ. ಸುಮಾರು 1000 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಅನಿಲಗಳಿಂದ ಕೂರಿಸುವ ಸಿವಿಡಿ ಲೇಪ ಹತ್ತು ಮೈಕ್ರಾನಿಗೂ ಮಿಕ್ಕಿ ದಪ್ಪವಿರಬಹುದು, ಅದನ್ನು ಹೊರಲು ಅಂಚು ಮೊದಲೇ ದುಂಡಾಗಿರಬೇಕು. ಸುಮಾರು 500 ಡಿಗ್ರಿಯಲ್ಲಿ ಕೂರಿಸುವ ಪಿವಿಡಿ ಲೇಪ ಎರಡರಿಂದ ಐದು ಮೈಕ್ರಾನ್. ಅದರಡಿ ಅಂಚು ಹರಿತವಾಗಿಯೇ ಉಳಿಯಬಲ್ಲದು. ಸ್ಟೇನ್‌ಲೆಸ್ಸಿನ ಫಿನಿಶಿಂಗ್ ಕೆಲಸದಲ್ಲಿ ಪಿವಿಡಿ ಗೆಲ್ಲುವುದಕ್ಕೆ ಲೇಪದ ರಸಾಯನಕ್ಕಿಂತ ಅಂಚಿನ ಈ ಹರಿತವೇ ದೊಡ್ಡ ಕಾರಣ. ದುಬಾರಿ ಎಂಬ ಒಂದೇ ಕಾರಣಕ್ಕೆ ದಪ್ಪ ಲೇಪದ ಉಕ್ಕಿನ ಗ್ರೇಡನ್ನು ತರಿಸಿದ ಮಾಲೀಕ ಹಣ ಕೊಟ್ಟು ಮೊಂಡುತನವನ್ನು ಕೊಂಡಿರುತ್ತಾನೆ.

ಈ ಅಜ್ಞಾನ ಹಳೆಯದಲ್ಲ ಎಂಬುದು ಗಮನಿಸಬೇಕಾದ ವಿಷಯ. ಹೈಸ್ಪೀಡ್ ಸ್ಟೀಲಿನ ಟೂಲನ್ನು ತಾನೇ ಮಸೆದುಕೊಳ್ಳುತ್ತಿದ್ದ ಟರ್ನರಿಗೆ ಹಿತ್ತಾಳೆಗೆ ಯಾವ ಕೋನ, ಎರಕದ ಕಬ್ಬಿಣಕ್ಕೆ ಯಾವುದು, ಸ್ಟೇನ್‌ಲೆಸ್ಸಿಗೆ ಯಾವುದು ಎಂಬುದು ಕೈಗೆ ಗೊತ್ತಿತ್ತು. 1953ರಲ್ಲಿ ಜಾಲಹಳ್ಳಿಯಲ್ಲಿ ಆರಂಭವಾದ ಎಚ್‌ಎಂಟಿ, 1962ರಲ್ಲಿ ತುಮಕೂರು ರಸ್ತೆಯಲ್ಲಿ ಸ್ಥಾಪನೆಯಾದ ಕೇಂದ್ರೀಯ ಯಂತ್ರೋಪಕರಣ ಸಂಸ್ಥೆ, ಇವುಗಳ ಸುತ್ತ ಬೆಂಗಳೂರಿನಲ್ಲಿ ಬೆಳೆದ ಕುಶಲಕರ್ಮಿಗಳ ಪೀಳಿಗೆಗೆ ಮಸೆಯುವುದು ಕಲಿಕೆಯ ಮೊದಲ ಪಾಠವಾಗಿತ್ತು. ಕಾರ್ಬೈಡ್ ಇನ್ಸರ್ಟ್ ಬಂದ ಮೇಲೆ ಆಕಾರ ಕೈಯಿಂದ ಡಬ್ಬಕ್ಕೆ ಹೋಯಿತು. ಇದರಿಂದ ಉತ್ಪಾದನೆ ಹೆಚ್ಚಿತು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಆಕಾರವನ್ನು ಆರಿಸುವ ಅಧಿಕಾರ ಟರ್ನರಿನಿಂದ ಬಿಲ್ಲು ನೋಡುವವರ ಕೈಗೆ ಜಾರಿತು, ಬಿಲ್ಲಿನಲ್ಲಿ ಕಾಣುವುದು ಬೆಲೆಯೂ ಗ್ರೇಡೂ ಮಾತ್ರ. ಪೀಣ್ಯದ ಸಣ್ಣ ಶೆಡ್ಡುಗಳಲ್ಲಿ ಎರಡು ಸಿಎನ್‌ಸಿ ಯಂತ್ರ ಇಟ್ಟುಕೊಂಡು ವಾಲ್ವು, ಪಂಪಿನ ಬಿಡಿಭಾಗ ಮಾಡುವವರಿಗೆ ಈ ತಪ್ಪಿನ ಬೆಲೆ ನೇರವಾಗಿ ತಟ್ಟುತ್ತದೆ. ಅವರ ಲಾಭದ ಅಂಚು ಇನ್ಸರ್ಟಿನ ಅಂಚಿನಷ್ಟೇ ತೆಳು.

ಐಟಿಐ ಮತ್ತು ಪಾಲಿಟೆಕ್ನಿಕ್‌ಗಳಲ್ಲಿ ಟೂಲಿನ ಆಕಾರವನ್ನು ಸೂಚಿಸುವ, ಟೂಲ್ ಸಿಗ್ನೇಚರ್ ಎಂಬ ಏಳು ಅಂಕಿಗಳ ಸಾಲನ್ನು ವಿದ್ಯಾರ್ಥಿಗಳು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆಯುತ್ತಾರೆ. ಆ ಅಂಕಿಗಳಲ್ಲಿ ಒಂದನ್ನು ಬದಲಿಸಿದರೆ 304ರ ಚಿಪ್ ಹೇಗೆ ಬದಲಾಗುತ್ತದೆ ಎಂದು ಅವರಿಗೆ ಯಾರೂ ತೋರಿಸಿರುವುದಿಲ್ಲ. ಕಲಿಸುವವರು ಒಂದು 304 ಸರಳು, ಕೈಯಲ್ಲಿ ಮಸೆದ ಎರಡು ಹೈಸ್ಪೀಡ್ ಟೂಲು, ಒಂದು ಮೈಕ್ರೋಮೀಟರ್ ಇಟ್ಟುಕೊಂಡು, ಹೈಸ್ಪೀಡ್ ಟೂಲು ತಾಳುವ ವೇಗದಲ್ಲಿ, ಒಂದು ಮಧ್ಯಾಹ್ನ ಇದನ್ನು ತೋರಿಸಬೇಕು. ಕೊಳ್ಳುವವರು ಮುಂದಿನ ಆರ್ಡರ್ ಬರೆಯುವಾಗ ಡಬ್ಬದ ಮೇಲೆ ಸ್ಟೇನ್‌ಲೆಸ್ಸಿನ ಗುರುತಾದ ಹಳದಿ ಬಣ್ಣದ ಎಂ ಅಕ್ಷರವನ್ನೂ ಹೆಸರಿನ ತುದಿಯ ಆ ಎರಡು ಮೂರು ಅಕ್ಷರಗಳನ್ನೂ ಬಿಡದೆ ಬರೆಯಬೇಕು. ಸ್ಪೀಡಿನ ಗುಂಡಿಗೆ ಕೈ ಹಾಕುವುದು ಅದಾದ ಮೇಲಿನ ಕೆಲಸ.